ಮೆಷಿನ್ ಮುಟ್ಟಿ ಮಾಡಿದ ಆಣೆ

ಮಳೆ ಬಂತೆಂದರೆ ಆ ಬೀದಿಯಲ್ಲಿ ಮೊದಲು ಒದ್ದೆಯಾಗುವುದು ಟೈಲರಕ್ಕನ ಅಂಗಡಿ. ಅಂಗಡಿ ರಸ್ತೆಗಿಂತ ಎರಡು ಮೆಟ್ಟಿಲು ಕೆಳಗಿದೆ. ಚರಂಡಿ ತುಂಬಿದರೆ ಆ ಕೊಳಕು ನೀರು ಕರೆಯದೆ ಬಂದ ನೆಂಟರ ಹಾಗೆ ನೆಟ್ಟಗೆ ಒಳಗೇ ಬರುತ್ತದೆ. ಕಳೆದ ಮಳೆಯಲ್ಲಿ ಯಾರದೋ ಮದುವೆಯ ಬಟ್ಟೆ ನೆಂದು ಹಾಳಾಗಿ, ಟೈಲರಕ್ಕ ತನ್ನ ಕೈಯಿಂದಲೇ ಹೊಸದು ತಂದುಕೊಟ್ಟಿದ್ದಳು. ಇನ್ನೊಂದು ಸಲ ಹಾಗಾದರೆ ಅಂಗಡಿಗೆ ಬೀಗವೇ ಗತಿ. ವಾರ್ಡಿನ ಸದಸ್ಯರು ಓಟು ಕೇಳಲು ಬರಲಿ, ಈ ಚರಂಡಿಯ ವಿಷಯ ಮುಖಕ್ಕೆ ಮುಖ ಕೊಟ್ಟು ಕೇಳುತ್ತೇನೆ ಎಂದು ಅವಳು ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದಳು.

ಚುನಾವಣೆ ಬಂತು. ವಾರ್ಡಿನ ಸದಸ್ಯರು ಮತ್ತೆ ನಿಂತಿದ್ದರು. ಆದರೆ ಮೊದಲು ಬಂದದ್ದು ಅವರಲ್ಲ, ಅವರ ಬಲಗೈ ಬಂಟ. ಸದಾ ಹಲ್ಲು ಬಿಡುತ್ತಿದ್ದ ಅವನಿಗೆ ಬೀದಿಯವರು ಇಟ್ಟ ಹೆಸರು ಹಲ್ಲಣ್ಣ.

"ಅಕ್ಕಾ, ಸದಸ್ಯರು ಪ್ರೀತಿಯಿಂದ ಕಳಿಸಿದ್ದಾರೆ. ನಿಮಗೊಬ್ಬರಿಗೇ. ಯಾರಿಗೂ ಹೇಳ್ಬೇಡಿ."

ಅವನು ಕೊಟ್ಟ ಪೊಟ್ಟಣ ಬಿಚ್ಚಿ ನೋಡಿದರೆ ಹಳದಿ ಹೂವಿನ ನೇರಳೆ ಬಟ್ಟೆ. ಮಗಳಿಗೊಂದು ಫ್ರಾಕ್ ಆಗುತ್ತದೆ ಎಂದು ಟೈಲರಕ್ಕನ ಕೈ ಆಗಲೇ ಗೇಣು ಹಾಕಿ ಅಳೆಯತೊಡಗಿತ್ತು.

"ಒಂದು ಮಾತು ಕೊಟ್ಬಿಡಿ. ನಿಮಗೆ ಅನ್ನ ಕೊಡೋ ಈ ಮೆಷಿನ್ ಮುಟ್ಟಿ, ಓಟು ನಮಗೇ ಅಂತ."

ಅವಳು ಮುಟ್ಟಿದಳು. ಹೇಳಿಯೂ ಬಿಟ್ಟಳು.

ಮಾರನೆಯ ದಿನದಿಂದ ಶುರುವಾಯಿತು ನೋಡಿ ತಮಾಷೆ. ಕಟಿಂಗ್ ಅಂಗಡಿಯ ಅಣ್ಣ ಬಂದ. "ನಮ್ಮ ಭಾವ ದೂರದಿಂದ ಕಳಿಸಿದ್ದು. ಒಂದು ಶರ್ಟ್ ಮಾಡ್ಕೊಡು ತಾಯಿ." ಹಳದಿ ಹೂವಿನ ನೇರಳೆ ಬಟ್ಟೆ. ಹಾಲು ಮಾರುವ ಅಮ್ಮ ಬಂದಳು. "ನಮ್ಮ ಚಿಕ್ಕಮ್ಮ ಕೊಟ್ಟಿದ್ದು ಕಣೇ, ಕಿಟಕಿಗೆ ಪರದೆ ಮಾಡು." ಅದೇ ನೇರಳೆ, ಅದೇ ಹೂವು. ಬೀಗ ರಿಪೇರಿಯ ಮಾವ ಅಂತೂ ಹೊಸ ಬಟ್ಟೆ ಹಿಡಿದುಕೊಂಡು, "ಹಳೇದಮ್ಮ, ಪೆಟ್ಟಿಗೆಯಲ್ಲಿ ಬಿದ್ದಿತ್ತು" ಎಂದ. ಟೈಲರಕ್ಕ ತುಟಿ ಪಿಟಕ್ಕೆನ್ನದೆ ಎಲ್ಲರ ಅಳತೆ ತೆಗೆದುಕೊಂಡಳು. ಅವಳಾದರೂ ಏನು ಹೇಳಿಯಾಳು? ಅವಳ ಮೆಷಿನ್ ಮೇಲಿದ್ದದ್ದೂ ಅದೇ ಬಟ್ಟೆ.

ಕೊನೆಗೆ ಸದಸ್ಯರೇ ಕೈ ಮುಗಿಯುತ್ತಾ ಬಂದರು. ಟೈಲರಕ್ಕ ಎದ್ದು ನಿಂತಳು. "ಸಾರ್, ಈ ಚರಂಡಿ…"

ಸದಸ್ಯರ ಕಣ್ಣು ಅರ್ಧ ಹೊಲಿದ ಫ್ರಾಕಿನ ಮೇಲೆ ಬಿತ್ತು. "ಓ, ಬಟ್ಟೆ ಸಿಕ್ತಲ್ಲಮ್ಮ? ಮಗೂಗೆ ಚೆನ್ನಾಗಿ ಒಪ್ಪುತ್ತೆ" ಎಂದು ನಕ್ಕು ಮುಂದಿನ ಮನೆಗೆ ಹೋದರು.

ವರ್ಷವಿಡೀ ಕೂಡಿಟ್ಟ ಮಾತು ಹಾಗೇ ಉಳಿಯಿತು. ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದು, ಇವರಿಗೆ ಓಟು ಹಾಕಲೇಬಾರದು ಎಂದುಕೊಂಡಳು. ಆ ಸಿಟ್ಟಿನಲ್ಲೇ ಪೆಡಲ್ ತುಳಿದು ಗಿರಾಕಿಯೊಬ್ಬರ ಜೀನ್ಸ್ ಹೊಲಿಯಲು ಕೂತಳು. ಟಿಕ್ ಎಂದು ಸೂಜಿ ಮುರಿಯಿತು. ಮೆಷಿನ್ ಮುಟ್ಟಿ ಮಾಡಿದ ಆಣೆ ನೆನಪಾಗಿ ಅವಳು ಪೆಡಲಿನಿಂದ ಕಾಲು ತೆಗೆದಳು.

ಅದೇ ಹೊತ್ತಿಗೆ ಪಕ್ಕದ ಮನೆಯ ನರ್ಸಕ್ಕ ಯೂನಿಫಾರಂ ಸಡಿಲ ಮಾಡಿಸಲು ಬಂದಳು. ಮತಗಟ್ಟೆಯಲ್ಲಿ ಎಷ್ಟೋ ಸಲ ಕೆಲಸ ಮಾಡಿದವಳು. ಹಿಂದೆಯೇ ಟೈಲರಕ್ಕನ ಗಂಡನೂ ಬೇಕರಿ ಕೆಲಸ ಮುಗಿಸಿ, ಮೈಯೆಲ್ಲ ಹಿಟ್ಟು ಮಾಡಿಕೊಂಡು ಬಂದ.

"ಮಾತು ತಪ್ಪೋಣ ಅಂತ ಮನಸ್ಸಲ್ಲಿ ಅಂದ್ಕೊಂಡೆ ಅಷ್ಟೇ, ಸೂಜಿನೇ ಮುರೀತು ಕಣೇ" ಎಂದು ಟೈಲರಕ್ಕ ಎಲ್ಲವನ್ನೂ ಹೇಳಿಕೊಂಡಳು.

ನರ್ಸಕ್ಕ ಜೀನ್ಸ್ ನೋಡಿದಳು, ಮುರಿದ ಸೂಜಿ ನೋಡಿದಳು. "ಇಷ್ಟು ದಪ್ಪದ ಬಟ್ಟೆಗೆ ಯಾವ ಸೂಜಿ ಹಾಕಿದ್ದೆ?"

"ತೆಳು ಬಟ್ಟೇದು. ಫ್ರಾಕ್ ಹೊಲೀತಿದ್ನಲ್ಲ, ಬದಲಾಯಿಸೋಕೆ ಮರೆತೆ." ಹೇಳುತ್ತಾ ಹೇಳುತ್ತಾ ಟೈಲರಕ್ಕನಿಗೇ ನಗು ಬಂತು.

"ನೋಡಿದ್ಯಾ? ತಪ್ಪು ಕೆಲಸಕ್ಕೆ ಕಟ್ಟಿಹಾಕೋಕೆ ಅಂತ ಮಾಡಿಸಿದ ಆಣೆ ಆಣೆನೇ ಅಲ್ಲ. ನಿನ್ನ ಮೆಷಿನ್ ನಿನಗೆ ಅನ್ನ ಹಾಕಿದೆ, ಹಲ್ಲಣ್ಣನಿಗಲ್ಲ. ಯಾರಿಗೆ ಓಟು ಹಾಕಿದೆ ಅನ್ನೋದು ಮತಗಟ್ಟೆಯಲ್ಲಿ ಕೂತಿರೋ ನನಗೇ ಗೊತ್ತಾಗಲ್ಲ. ಇನ್ನು ಅವನಿಗೆ ಹೇಗೆ ಗೊತ್ತಾಗುತ್ತೆ?"

"ಅದಕ್ಕೇ ನಾನು ಹೇಳೋದು" ಎಂದ ಗಂಡ. "ಕೊಟ್ಟಿದ್ದು ಇಟ್ಕೊಳ್ಳೋಣ, ಓಟು ನಮ್ಮಿಷ್ಟ. ಅವನೇನು ಅಪ್ಪನ ಮನೆ ದುಡ್ಡು ತಂದು ಕೊಟ್ನಾ?"

"ಅಪ್ಪನ ಮನೇದಲ್ಲ ಅಂದ್ರೆ ಯಾರ ಮನೇದು ಭಾವ? ಬೀದಿಗೆಲ್ಲಾ ಬಟ್ಟೆ ಹಂಚಿದ್ದಾರೆ, ಖರ್ಚಿನ ಲೆಕ್ಕದಲ್ಲಿ ಇದನ್ನ ತೋರಿಸ್ತಾರಾ? ಕದ್ದು ಮುಚ್ಚಿ ಹಾಕಿದ ದುಡ್ಡನ್ನ ಗೆದ್ದ ಮೇಲೆ ಕದ್ದು ಮುಚ್ಚಿಯೇ ವಾಪಸ್ ತಗೋತಾರೆ. ಚರಂಡಿಗೆ ಬಂದ ಹಣದಲ್ಲೇ. ಕೊಡೋದೂ ತಪ್ಪು, ತಗೊಳ್ಳೋದೂ ತಪ್ಪು. ಹಂಚೋಕೆ ದುಡ್ಡಿಲ್ಲದ ಒಳ್ಳೆಯವರು ನಿಲ್ಲೋದಾದ್ರೂ ಹೇಗೆ?"

ಗಂಡ ತಲೆ ಕೆರೆದುಕೊಂಡ. ಟೈಲರಕ್ಕ ನಿಧಾನವಾಗಿ ಹೇಳಿದಳು, "ಓಟು ನಮ್ಮಿಷ್ಟವೇ ಇರಬಹುದು ಕಣ್ರೀ. ಇವತ್ತು ನನ್ನ ಬಾಯಿ ನನ್ನಿಷ್ಟಕ್ಕೆ ಬರ್ಲಿಲ್ಲ. ನಂಗೆ ಅದೇ ಸಂಕಟ."

ಗಂಡ ತಾನೇ ಫ್ರಾಕನ್ನು ಮಡಿಸಿ ಮೇಜಿನ ಮೇಲಿಟ್ಟ. "ದೂರು ಯಾರಿಗೆ ಹೇಳ್ಬೇಕು, ಆ ನಂಬರ್ ಕೊಡಮ್ಮ" ಎಂದು ನರ್ಸಕ್ಕನನ್ನು ಕೇಳಿದ.

ಬೆಳಗ್ಗೆ ಟೈಲರಕ್ಕ ಬೀದಿಯವರನ್ನೆಲ್ಲ ಅಂಗಡಿ ಮುಂದೆ ಕರೆದಳು. ಮೊದಲು ತನ್ನ ಫ್ರಾಕ್ ಹಾಕಿ, ಅದರ ಮೇಲೆ ದೂರದ ಭಾವನ ಶರ್ಟು, ಚಿಕ್ಕಮ್ಮನ ಪರದೆ, ಪೆಟ್ಟಿಗೆಯ ಹಳೇ ಬಟ್ಟೆ ಒಂದೊಂದಾಗಿ ಹಾಕಿದಳು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಕಟಿಂಗ್ ಅಂಗಡಿಯ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಂಗಾದ್ರೆ ಮತದಾನದ ದಿನ ಬೀದಿಗೆ ಬೀದಿಯೇ ಬ್ಯಾಂಡ್ ಸೆಟ್ಟಿನವರ ಥರ ಹೋಗ್ತಿದ್ವಿ." ಅವನು ಕತ್ತರಿ ಮುಟ್ಟಿ ಆಣೆ ಮಾಡಿದ್ದನಂತೆ, ಹಾಲಿನಮ್ಮ ಕ್ಯಾನ್ ಮುಟ್ಟಿ.

ಗಂಡ ಫೋನ್ ಮಾಡಿದ್ದಕ್ಕೆ ಚುನಾವಣಾ ಕಚೇರಿಯವರು ಜೀಪಿನಲ್ಲಿ ಬಂದರು. ಬೀದಿಯವರು ನಡೆದದ್ದನ್ನು ನಡೆದ ಹಾಗೇ ಹೇಳಿ ಬಟ್ಟೆ ಒಪ್ಪಿಸಿದರು. ಅಧಿಕಾರಿ ಗಂಭೀರವಾಗಿ ಬರೆದುಕೊಂಡರು: ಪರದೆ ಒಂದು, ಶರ್ಟು ಒಂದು, ಒಂದೇ ತೋಳಿರುವ ಫ್ರಾಕ್ ಒಂದು. ಅಲ್ಲಿಗೆ ಬಂದಾಗ ಅವರಿಗೂ ನಗು ತಡೆಯಲಾಗಲಿಲ್ಲ.

ಸದಸ್ಯರು ಇನ್ನೊಮ್ಮೆ ಬಂದಾಗ ಟೈಲರಕ್ಕ ಎರಡೂ ಮೆಟ್ಟಿಲು ಹತ್ತಿ ರಸ್ತೆಗೇ ಬಂದು ನಿಂತಳು.

"ಸಾರ್, ಬಟ್ಟೆ ಸೇರಬೇಕಾದ ಕಡೆ ಸೇರಿದೆ. ಈಗ ಹೇಳಿ, ಚರಂಡಿ ಯಾವಾಗ?"

ಆವತ್ತು ಹಲ್ಲಣ್ಣನ ಹಲ್ಲು ಯಾರಿಗೂ ಕಾಣಲಿಲ್ಲ.

ಗೆದ್ದವರು ಯಾರು ಎಂದು ಕೇಳಬೇಡಿ, ಅದು ಮತಪೆಟ್ಟಿಗೆಗೆ ಬಿಟ್ಟದ್ದು. ಗೆದ್ದವರು ಮಾತ್ರ ಮೊದಲ ವಾರವೇ ಇಂಜಿನಿಯರನ್ನು ಕರೆದುಕೊಂಡು ಬಂದು ಚರಂಡಿ ಅಳೆಸಿದರು. ಬಾಗಿಲ ಹತ್ತಿರದ ಅಳತೆ ಸರಿಯಿಲ್ಲ ಎಂದು ಟೈಲರಕ್ಕ ತನ್ನ ಟೇಪು ತಂದು ಮತ್ತೊಮ್ಮೆ ಅಳೆಸಿದಳು. ಕೇಳಲು ಈಗ ಅವಳಿಗೆ ಯಾರ ಹಂಗೂ ಇರಲಿಲ್ಲ.

ನಿಮ್ಮ ಬಾಗಿಲಿಗೂ ಒಬ್ಬ ಹಲ್ಲಣ್ಣ ಬಂದಾನು. ಬಟ್ಟೆಯೋ, ಪಾತ್ರೆಯೋ, ಮಡಿಸಿದ ನೋಟೋ ತಂದಾನು. "ನಿಮಗೊಬ್ಬರಿಗೇ" ಅಂದಾನು. ಬೇಡ ಎನ್ನಿ. ಚುನಾವಣಾ ಕಚೇರಿಗೆ ತಿಳಿಸಿ. ಆಮೇಲೆ ನಿಮ್ಮ ಬೀದಿಗೆ ಏನು ಬೇಕೋ ಅದನ್ನು ಬಾಯಿ ತುಂಬ ಕೇಳಿ, ನಿಮ್ಮ ಮನಸ್ಸು ಹೇಳಿದವರಿಗೆ ಓಟು ಹಾಕಿ ಬನ್ನಿ.