ಹಿಪ್ಪುನೇರಳೆ ಮಫಿನ್ ತಿಂದ ಮಧ್ಯಾಹ್ನ

ಆ ಮಧ್ಯಾಹ್ನ ನನ್ನ ಹತ್ತು ಬೆರಳೂ ಉಗುರಿನ ಸಂದಿಯವರೆಗೆ ಕಡುನೇರಳೆಗೆ ತಿರುಗಿದ್ದವು. ಹುಣಸೆಹಣ್ಣು ಹಾಕಿ ತಿಕ್ಕಿದರೂ ಬಣ್ಣ ಬಿಡಲಿಲ್ಲ. ಒಂದು ಕುಕ್ಕೆ ಹಿಪ್ಪುನೇರಳೆ ಹಣ್ಣು ಕಿತ್ತು ತಂದು, ಹಿಟ್ಟಿಗೆ ಬೆರೆಸಿ, ಅಕ್ಕನಿಗಾಗಿ ಮಫಿನ್ ಬೇಯಿಸಿದ್ದೆ.

ಅಕ್ಕ ಕುಮುದಳಿಗೆ ಆಗ ಏಳು ತಿಂಗಳು. ಹಿಂದಿನ ಎರಡು ಬಸುರು ನಿಂತಿರಲಿಲ್ಲ. ಹಾಗಾಗಿ ಈ ಸಲ ಅವಳ ಬಯಕೆಗೆ ಮನೆಯಲ್ಲಿ ಕಾಯಿದೆಯ ಬಲ ಬಂದಿತ್ತು. ಉಳಿದ ಬಸುರಿಯರು ಮಾವಿನಕಾಯಿ, ಹುಣಸೆ ಎಂದು ಸುಲಭದ್ದನ್ನು ಕೇಳಿದರೆ ಇವಳು ಯಾವುದೋ ಪತ್ರಿಕೆಯಲ್ಲಿ ಚಿತ್ರ ನೋಡಿ ಹಣ್ಣಿನ ಮಫಿನ್ ಕೇಳಿದಳು. ನಮ್ಮಲ್ಲಿ ಓವನ್ ಇರಲಿಲ್ಲ. ಕಡಾಯಿಗೆ ಮರಳು ಸುರಿದು, ಮುಚ್ಚಳದ ಮೇಲೆ ಕೆಂಡವಿಟ್ಟು ಬೇಯಿಸಿದೆ. ಚಿತ್ರದಲ್ಲಿ ಅವು ಅಣಬೆಯಂತೆ ಉಬ್ಬಿದ್ದವು. ನನ್ನವು ಇಡ್ಲಿಯ ಮರ್ಯಾದೆ ಮೀರಲಿಲ್ಲ. ಆದರೂ ಒಳಗೆ ಹಣ್ಣು ಕರಗಿ ರಸವಾಗಿತ್ತು. ಅಕ್ಕ ಬಿಸಿಬಿಸಿಯಾಗಿ ನಾಲ್ಕು ತಿಂದು ಪಡಸಾಲೆಯಲ್ಲಿ ಮಲಗಿದಳು.

ಎರಡನ್ನು ಪಕ್ಕದ ಮನೆಯ ಮುನಿತಾಯಮ್ಮನಿಗೆ ಕೊಡಲು ಹೋದೆ. ಆಯುಷ್ಯವೆಲ್ಲ ರೇಷ್ಮೆಹುಳು ಸಾಕಿದ ಮುದುಕಿ. ಮನುಷ್ಯರಲ್ಲಿ ಅವಳಿಗೆ ಅಂಥ ಆಸಕ್ತಿ ಉಳಿದಿರಲಿಲ್ಲ. ಮಫಿನನ್ನು ತಿರುಗಿಸಿ ನೋಡಿ, ಹಣ್ಣು ಎಲ್ಲಿಯದೆಂದು ಕೇಳಿದಳು. ಕೆರೆಯಾಚೆಯ ತೋಟದ್ದು, ಗಿಡ ಬಗ್ಗುವಷ್ಟು ಬಿಟ್ಟಿತ್ತು ಎಂದು ಹೆಮ್ಮೆಯಿಂದಲೇ ಹೇಳಿದೆ. ತೊಳೆದಿರಲಿಲ್ಲ. ನಮ್ಮೂರಿನಲ್ಲಿ ಹಿಪ್ಪುನೇರಳೆಯನ್ನು ಯಾರೂ ತೊಳೆಯುತ್ತಿರಲಿಲ್ಲ. ಹುಳು ಮೇಯುವ ಗಿಡಕ್ಕೆ ಯಾವ ಹುಚ್ಚ ಕೀಟನಾಶಕ ಹೊಡೆಯುತ್ತಾನೆ?

ಮುನಿತಾಯಮ್ಮ ಮಫಿನನ್ನು ಕೆಳಗಿಟ್ಟಳು.

"ಕೊಂಬೆ ಸಮೇತ ಸೊಪ್ಪು ಕುಯ್ಯೋ ತೋಟದಾಗೆ ಹಣ್ಣು ನಿಲ್ಲಾಕಿಲ್ಲ ಕಣವ್ವಾ. ಅಷ್ಟೊಂದು ನಿಂತೈತೆ ಅಂದ್ರೆ, ಸೊಪ್ಪು ಯಾಕೆ ಕುಯ್ದಿಲ್ಲ ಅಂತ ಕೇಳಿದ್ಯಾ?"

ಕೇಳಿರಲಿಲ್ಲ. ಗಿಡಕ್ಕೆ ರೋಗ ಬಿದ್ದು ತೋಟದವನು ಔಷಧಿ ಹೊಡೆದಿರಬೇಕು, ಹುಳು ಸಾಯುತ್ತವೆಂದು ಸೊಪ್ಪನ್ನು ಹಾಗೇ ಬಿಟ್ಟಿರಬೇಕು ಎಂದಳು. ಯಾವಾಗ ಹೊಡೆದ, ಎಷ್ಟು ಹೊಡೆದ ಎಂಬುದು ಅವನೊಬ್ಬನಿಗೇ ಗೊತ್ತು. ಅವನು ಯಾರದೋ ಮದುವೆಗೆ ಪರವೂರಿಗೆ ಹೋಗಿದ್ದ.

ಮನೆಗೆ ಓಡಿದೆ. ಅಕ್ಕ ಅಲುಗದೆ ಮಲಗಿದ್ದಳು. ತುಟಿ ನೇರಳೆಗಟ್ಟಿತ್ತು. ಹಣ್ಣಿನ ಬಣ್ಣವೋ ಬೇರೆಯದೋ ತಿಳಿಯದೆ, ಒರೆಸಿ ನೋಡಲು ಬೆರಳು ಚಾಚಿದೆ. ಬೆರಳಿಗೂ ಅದೇ ಬಣ್ಣ. ಮೂಗಿನ ಬಳಿ ಕೈ ಹಿಡಿದೆ. ಉಸಿರು ಬೆಚ್ಚಗಿತ್ತು. ಹಿತ್ತಲಲ್ಲಿದ್ದ ಭಾವ, ನಾನು ವಿಷಯ ಹೇಳಿದ್ದೇ ತಡ, ಚಪ್ಪಲಿ ಮೆಟ್ಟುವುದನ್ನೂ ಮರೆತು ವೈದ್ಯರನ್ನು ಕರೆತರಲು ಓಡಿದರು. ಅವಳನ್ನು ಹೆದರಿಸಬೇಡ ಎಂದು ನನಗೆ ಹೇಳುವಾಗ ಅವರ ಹಲ್ಲು ಕಟಕಟಿಸುತ್ತಿತ್ತು.

ಅಷ್ಟರಲ್ಲಿ ಮುನಿತಾಯಮ್ಮ ಬಿದಿರುತಟ್ಟೆಯಲ್ಲಿ ಇಪ್ಪತ್ತು ಹುಳು ಹಾಕಿಕೊಂಡು ಬಂದಳು. ನನ್ನ ಕುಕ್ಕೆಯ ತಳದಲ್ಲಿ ಹಣ್ಣಿನ ಜೊತೆ ಬಂದಿದ್ದ ನಾಲ್ಕೈದು ಎಲೆಗಳನ್ನು ಆರಿಸಿ ಅವುಗಳ ಮುಂದೆ ಹಾಸಿದಳು.

"ವಿಸ ಇದ್ರೆ ಹಸಿರು ಕಕ್ತವೆ. ಡಾಕ್ಟ್ರಿಗಿಂತ ಮೊದ್ಲು ಇವೇ ಹೇಳ್ತವೆ."

ಹುಳುಗಳ ಮುಂದೆ ನಾನು ಅಷ್ಟು ವಿನಯದಿಂದ ಕೂತದ್ದು ಅದೇ ಮೊದಲು. ಅವು ಎಲೆ ಮುಟ್ಟಲಿಲ್ಲ. ಒಂದು ಮಾತ್ರ ತಲೆಯೆತ್ತಿ ಗಾಳಿಯಲ್ಲಿ ತೂಗಾಡಿತು. ನಾನು ಮುನಿತಾಯಮ್ಮನ ತೋಳು ಹಿಡಿದೆ.

"ಅದಕ್ಕೇನಾಯ್ತು?"

"ಸುಮ್ಕಿರು. ಹಾದಿ ಹುಡುಕ್ತೈತೆ."

ಹುಡುಕಿತು. ಎಲೆಯ ಅಂಚು ಹಿಡಿಯಿತು. ಅದರ ಹಿಂದೆ ಇನ್ನೊಂದು, ಆಮೇಲೆ ಎಲ್ಲವೂ. ಮೇದದ್ದಾಯಿತು, ಇನ್ನು ಕಕ್ಕುತ್ತವೆಯೇ ಎಂದು ಅರ್ಧ ಗಂಟೆ ರೆಪ್ಪೆ ಬಡಿಯದೆ ಕಾದೆವು. ಕಕ್ಕಲಿಲ್ಲ. ಔಷಧಿ ಹೊಡೆದದ್ದು ನಿಜವಿದ್ದರೂ ಅದರ ವಿಷ ಇಳಿದುಹೋಗಿದೆ ಎಂದು ಮುನಿತಾಯಮ್ಮ ತೀರ್ಪು ಕೊಟ್ಟಳು.

ಅಕ್ಕ ಮಗ್ಗುಲಾಗಿ ಕಣ್ಣು ಬಿಟ್ಟಳು. ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು.

"ನಾನು ಕೇಳಿದ್ದು ಮಫಿನ್ನು ಕಣೇ, ಹುಳ ಅಲ್ಲ."

ಹಾಗೆನ್ನುತ್ತಲೇ ಹೊಟ್ಟೆಯ ಮೇಲೆ ಕೈಯಿಟ್ಟು, ಇವನೊಬ್ಬ ಮಲಗಲೂ ಬಿಡುವುದಿಲ್ಲ, ಒದೆಯುತ್ತಾನೆ ಎಂದು ಗೊಣಗಿದಳು. ನಾನು ಗೋಡೆಗೆ ಒರಗಿದೆ.

ಬೀದಿಯ ತಿರುವಿನಲ್ಲಿ ವೈದ್ಯರ ಗಾಡಿಯ ಸದ್ದು ಕೇಳಿತು. ಮುನಿತಾಯಮ್ಮ ಒಂದು ಎಲೆಯನ್ನೆತ್ತಿ ಬಾಗಿಲ ಬೆಳಕಿಗೆ ಹಿಡಿದಳು. ಬರಿಯ ನರಗಳು ಉಳಿದಿದ್ದವು, ನಡುವೆ ಬಿಸಿಲು. ತುದಿಗೆ ಅಂಟಿಕೊಂಡಿದ್ದ ಒಂದು ಹುಳು ಇನ್ನೂ ಮೇಯುತ್ತಲೇ ಇತ್ತು.