ಕನ್ಸೋಲ್‌ಲ ಯಾರು?

ಹರಿದಾಸರ ಹೆಸರಿನ ಮುಂದಿದ್ದ ಹಸಿರು ಗುರುತನ್ನು ಸಂಹಿತಾ ಅಳಿಸಿದಾಗ ಮಧ್ಯಾಹ್ನ ಹನ್ನೆರಡು ದಾಟಿ ನಾಲ್ಕು ನಿಮಿಷವಾಗಿತ್ತು. ಒಂದು ಕ್ಲಿಕ್, ಅಷ್ಟೆ. ಹದಿನೆಂಟು ವರ್ಷ ದುಡಿದ ಮನುಷ್ಯನಿಗೆ ಇನ್ನೂರ ಹತ್ತು ಯಂತ್ರಗಳ ಬಾಗಿಲು ಒಮ್ಮೆಗೇ ಮುಚ್ಚಿತು.

ಅಂಬತ್ತೂರು ಕೈಗಾರಿಕಾ ಎಸ್ಟೇಟಿನ ಆ ನಾಲ್ಕನೆಯ ಮಹಡಿಯ ಕಚೇರಿಯಿಂದ ನೋಡಿಕೊಳ್ಳುತ್ತಿದ್ದ ಯಂತ್ರಗಳಿಗೆ ಮೈಯೆಂಬುದೇ ಇರಲಿಲ್ಲ. ದೂರದ ಸರ್ವರುಗಳ ಹೊಟ್ಟೆಯೊಳಗೆ ವರ್ಚುವಲ್ ಯಂತ್ರಗಳಾಗಿ ಅವು ಬದುಕಿದ್ದವು, ಅಲ್ಲಿಂದಲೇ ಕಾರ್ಖಾನೆಗಳನ್ನು ಕಾಯುತ್ತಿದ್ದವು. ಎಚ್ಚರವಾಗಿರುವ ಯಂತ್ರವನ್ನು ಹತ್ತು ದಾರಿಗಳಿಂದ ಮಾತನಾಡಿಸಬಹುದು. ನಿಲ್ಲಿಸಿ ಮತ್ತೆ ಎಬ್ಬಿಸುವಾಗ, ಅದಿನ್ನೂ ಅರೆನಿದ್ದೆಯಲ್ಲಿರುವಾಗ, ಇರುವುದೊಂದೇ ದಾರಿ: ಕನ್ಸೋಲ್. ಯಾರಿಗೆ ಯಾವ ಕನ್ಸೋಲ್ ತೆರೆಯಬೇಕು, ಯಾರದನ್ನು ಮುಚ್ಚಬೇಕು ಎಂಬುದೇ ಸಂಹಿತಾಳ ಕೆಲಸ.

ಮುಚ್ಚುವ ಮೊದಲು ಅಲ್ಲೊಂದು ಪದ್ಧತಿಯಿತ್ತು. ಎದ್ದು ನಿಂತು, ಇಡೀ ಹಾಲಿಗೆ ಕೇಳುವಂತೆ "ಕನ್ಸೋಲ್‌ಲ ಯಾರು?" ಎಂದು ಅರ್ಧ ತಮಿಳಿನಲ್ಲಿ ಕೂಗಬೇಕು. ಕೆಲಸದ ನಡುವೆ ಇರುವವರು ಕೈಯೆತ್ತುತ್ತಾರೆ. ಎತ್ತಿದ ಕೈಗಳೆಲ್ಲ ಇಳಿದ ಮೇಲೆಯೇ ಮುಚ್ಚುವುದು. ಯಾರು ಯಾವ ಯಂತ್ರದೊಳಗಿದ್ದಾರೆ ಎಂದು ತೋರಿಸುವ ಪುಟವೊಂದು ಇದ್ದೇ ಇತ್ತು. ಆದರೆ ಕೂಗು ಇರುವಾಗ ಅದನ್ನು ತೆರೆದು ನೋಡುವ ಅಭ್ಯಾಸ ಯಾರಿಗೂ ಉಳಿದಿರಲಿಲ್ಲ. ಈ ಕೂಗನ್ನು ಕಲಿಸಿದವರು ಹರಿದಾಸರೇ. ಅವರ ಬಲಗಿವಿ ಮಂದವಾದ ಮೇಲೆ ಸಂಹಿತಾ ಎರಡೆರಡು ಸಲ ಕೂಗುತ್ತಿದ್ದಳು.

ಇಂದು ಒಂದು ಸಲವೂ ಕೂಗಲಿಲ್ಲ.

"ಕೂಗೋದು ಗೀಗೋದು ಬೇಡ," ಎಂದಿದ್ದ ಮ್ಯಾನೇಜರ್ ಸಂತೋಷ್. "ಹನ್ನೆರಡಕ್ಕೆ ಅವರ ಆಕ್ಸೆಸ್ ತೆಗಿ. ಆಮೇಲೆ ನಾನು ಹೋಗಿ ಕೆಲಸದಿಂದ ತೆಗೆದ ವಿಷಯ ಹೇಳ್ತೀನಿ. ಮೊದಲೇ ಗೊತ್ತಾದ್ರೆ ಕೋಪದಲ್ಲಿ ಏನಾದ್ರೂ ಅಳಿಸಿಬಿಡ್ತಾರೆ."

"ಹರಿ ಸರ್ ಅಂಥವರಲ್ಲ."

"ಯಾರೂ ಅಂಥವರಲ್ಲ, ಮಾ. ಆ ದಿನದ ತನಕ."

ತನ್ನ ಗಾಜಿನ ಕೋಣೆಯಿಂದ ಅವಳು ಕಂಡದ್ದು ಇಷ್ಟೇ: ಹರಿದಾಸರ ಬೆನ್ನು, ಅದರ ಹಿಂದೆ ಸಂತೋಷ್, ಬಾಗಿಲಲ್ಲಿ ಕಾವಲುಗಾರ. ಹರಿದಾಸರು ಕಪ್ಪಾದ ತೆರೆಯತ್ತ ಕೈ ತೋರಿಸಿ ಏನನ್ನೋ ಹೇಳಿದರು. ಸಂತೋಷ್ ಆಗದೆಂಬಂತೆ ತಲೆಯಾಡಿಸಿದ. ಆಫೀಸಿನ ಫೋನನ್ನು ಮೇಜಿನ ಮೇಲಿಟ್ಟು, ಊಟದ ಡಬ್ಬಿ ಹಿಡಿದು ಅವರು ಹೊರಟರು. ಸಂಹಿತಾ ಕಣ್ಣು ತಗ್ಗಿಸಿದಳು.

ಹನ್ನೆರಡೂ ಕಾಲಿಗೆ ಅವಳ ಮೇಜಿನ ಫೋನು ಬಡಿದುಕೊಂಡಿತು. ಮಣಲಿಯ ರಾಸಾಯನಿಕ ಕಾರ್ಖಾನೆಯೊಂದರ ಶಿಫ್ಟ್ ಆಪರೇಟರ್ ವಿಘ್ನೇಶ್. ಅಪ್ಪನದು ಪೆರಂಬೂರಿನಲ್ಲಿ ರೈಲ್ವೆ ಕೆಲಸ, ಮನೆಮಾತು ಕನ್ನಡ. ಮೂರು ವರ್ಷಗಳಿಂದ ದಿನವೂ ಮಾತನಾಡುತ್ತಿದ್ದರೂ ಅವನ ಮುಖವನ್ನು ಅವಳು ನೋಡಿರಲಿಲ್ಲ.

"ಅಕ್ಕಾ, ಹರಿ ಸಾರ್ ಹತ್ತೇ ನಿಮಿಷ ಅಂದ್ರು. ಗ್ಯಾಸ್ ಅಲಾರಂ ಮೆಷಿನ್ ಇನ್ನೂ ಎದ್ದೇ ಇಲ್ಲೈ. ಲಂಚ್‌ಗೆ ಹೋಗ್ಬಿಟ್ರಾ?"

ಸಂಹಿತಾ ಕೀಬೋರ್ಡನ್ನು ಹತ್ತಿರಕ್ಕೆಳೆದುಕೊಂಡಳು. "ನೋಡ್ತೀನಿ ಇರು. ನೀನು ಎಲ್ಲಿದ್ದೀಯ?"

"ಕಂಟ್ರೋಲ್ ರೂಮಲ್ಲಿ. ಅಲಾರಂ ಇಲ್ಲಾಂದ್ರೆ ರೂಲ್ ಗೊತ್ತಲ್ಲ, ಕಾಲು ಗಂಟೆಗೊಂದು ಸಲ ನಾನೇ ಮೀಟರ್ ಹಿಡ್ಕೊಂಡು ಶೆಡ್ ಸುತ್ತಬೇಕು. ನಿಮ್ಮ ಮೆಷಿನ್ ಮೂಗು ನೂರು ಪಟ್ಟು ಶಾರ್ಪು, ನಂದು ನೆಗಡಿ ಮೂಗು. ಸೀಕ್ರಂ ಅಕ್ಕಾ, ಬೇಗ."

ಗೋಡೆಯ ಅಲಾರಂ ಎಚ್ಚರಿಸುವುದು ಶೆಡ್ಡಿನೊಳಗೆ ಕಾಲಿಡುವ ಮೊದಲು. ಕೈಯ ಮೀಟರ್ ಎಚ್ಚರಿಸುವುದು ಕಾಲಿಟ್ಟ ಮೇಲೆ. ಅದು ಇಬ್ಬರಿಗೂ ಗೊತ್ತಿತ್ತು.

ಅವಳು ತನ್ನದೇ ಹೆಸರಿಗೆ ಆ ಯಂತ್ರದ ಕನ್ಸೋಲ್ ತೆರೆದುಕೊಂಡಳು. ಕಪ್ಪು ತೆರೆಯ ಮೇಲೆ ಒಂದೇ ಸಾಲು: ಡಿಸ್ಕಿನ ಗುಪ್ತಪದ ನೀಡಿ. ಅದರ ಮುಂದೆ ಮಿನುಗುವ ಗೆರೆ. ಹರಿದಾಸರು ಯಂತ್ರವನ್ನು ಎಬ್ಬಿಸಿ, ಆ ಪದವನ್ನು ಒತ್ತುವ ಹೊತ್ತಿಗೇ ಅವಳು ಬಾಗಿಲು ಮುಚ್ಚಿದ್ದಳು.

ತುರ್ತಿಗೆಂದು ಬೀರುವಿನಲ್ಲಿಟ್ಟಿದ್ದ ಲಕೋಟೆಯನ್ನು ಹರಿದು, ಒಳಗಿದ್ದ ಪದವನ್ನು ಒತ್ತಿದಳು. ತಪ್ಪು. ಮತ್ತೆ ತಪ್ಪು. ಲಕೋಟೆಯ ಮೇಲಿನ ದಿನಾಂಕ ಮೂರು ತಿಂಗಳ ಹಿಂದಿನದು. ಗುಪ್ತಪದ ಬದಲಿಸುವ ದಿನ ಇಂದೇ. ಹೊಸದು ಕೆಲಸ ಮಾಡುತ್ತದೆಂದು ಖಚಿತವಾದ ಮೇಲಷ್ಟೇ ಹರಿದಾಸರು ಅದನ್ನು ಬರೆದು ಲಕೋಟೆಗೆ ಹಾಕುತ್ತಿದ್ದರು.

"ಮಣಲಿ ಬಗ್ಗೆ ಏನಾದ್ರೂ ಹೇಳಿದ್ರಾ ಅವರು?" ಎಂದು ಸಂತೋಷನನ್ನು ಕೇಳಿದಳು.

"ಯಾವುದೋ ಮೆಷಿನ್ ಅರ್ಧದಲ್ಲಿದೆ, ಒಂದು ನಿಮಿಷ ಕೊಡು ಅಂದ್ರು. ಎಲ್ಲರೂ ಹಾಗೇ ಹೇಳ್ತಾರೆ."

ಹರಿದಾಸರ ಬಳಿ ಬೇರೆ ಮೊಬೈಲ್ ಇರಲಿಲ್ಲ; ತ್ರಿಪ್ಲಿಕೇನಿನ ಅವರ ಮನೆಗೆ ಫೋನು ಮಾಡಿದಳು. ಹೆಂಡತಿ ಲಕ್ಷ್ಮೀ ಎತ್ತಿದರು. "ಈ ಹೊತ್ತಿಗೆ ಅವರು ಮನೆಗ್ಯಾಕೆ ಬರ್ತಾರೆ? ಡಬ್ಬಿ ತಗೊಂಡು ಹೋಗಿದ್ದಾರಲ್ಲ. ಏನಾಯ್ತು ಸಂಹಿತಾ?"

ಫೋನಿಟ್ಟು ಅವಳು ಮೆಟ್ಟಿಲಿಳಿದು ಓಡಿದಳು. ಬಸ್ ಸ್ಟ್ಯಾಂಡಿನ ಕಡೆಗೆ ಹೋದರೆಂದು ಕಾವಲುಗಾರ ಕೈ ತೋರಿಸಿದ. ಬಿಸಿಲು ಡಾಂಬರನ್ನು ಕರಗಿಸುತ್ತಿತ್ತು. ಸಿಮೆಂಟಿನ ಬೆಂಚಿನ ಮೇಲೆ, ತೊಡೆಯ ಮೇಲೆ ತೆರೆಯದ ಡಬ್ಬಿಯಿಟ್ಟುಕೊಂಡು ಹರಿದಾಸರು ಕುಳಿತಿದ್ದರು.

"ಮಣಲಿ ಮೆಷಿನ್ ಎದ್ದಿಲ್ಲ ಅಲ್ವಾ?" ಎಂದರು ಅವಳನ್ನು ಕಂಡೊಡನೆ. ಅವಳ ಅಂಗೈ ಹಿಡಿದು, ಜೇಬಿನ ಪೆನ್ನಿನಿಂದ ಹದಿನಾಲ್ಕು ಅಕ್ಷರಗಳನ್ನು ಬರೆದರು. ಆಮೇಲೆ ಕೇಳಿದರು: "ಕೂಗಿದ್ದೆಯಾ?"

"ಕೂಗಿದ್ದೆ ಸರ್," ಎಂದಳು ಅವಳು.

"ಹಾಗಾದ್ರೆ ನನಗೇ ಕೇಳಿಸ್ಲಿಲ್ಲ. ಹಾಳು ಕಿವಿ. ಓಡು."

ಹನ್ನೆರಡು ನಲವತ್ತೊಂಬತ್ತಕ್ಕೆ, ಬೆವರಿನಲ್ಲಿ ಕದಡತೊಡಗಿದ್ದ ಅಕ್ಷರಗಳನ್ನು ಅಂಗೈಯಿಂದ ಓದಿ ಓದಿ ಒತ್ತಿದಳು. ಯಂತ್ರ ಎದ್ದಿತು. ಸಾಲುಗಳು ಸರಸರನೆ ಉರುಳಿದವು. ಕೊನೆಯದೊಂದು ಸಾಲು ಕೆಂಪಾಗಿ ನಿಂತಿತು: ಮೂರನೆಯ ಶೆಡ್, ಅನಿಲದ ಮಟ್ಟ ಮಿತಿ ಮೀರಿದೆ.

ವಿಘ್ನೇಶನ ಮೊಬೈಲಿಗೆ ಕರೆ ಮಾಡಿದಳು. ಗಂಟೆ ಬಹಳ ಹೊತ್ತು ಹೊಡೆದುಕೊಂಡಿತು. ಕೊನೆಗೆ ಯಾರೋ ಎತ್ತಿದರು. ಮೊದಲು ಕೇಳಿಸಿದ್ದು ಸೈರನ್. ಅವಳೇ ಈಗಷ್ಟೇ ಎಬ್ಬಿಸಿದ ಸೈರನ್. ಅದರ ನಡುವೆ ಗ್ಯಾಸ್ ಮಾಸ್ಕಿನೊಳಗಿಂದ ಅಪರಿಚಿತ ತಮಿಳು ದನಿಯೊಂದು ಹೇಳಿತು: ಮೂರನೇ ಶೆಡ್ಡಿನ ಬಾಗಿಲಲ್ಲಿ ಬಿದ್ದಿದ್ದ, ಕೈಯಲ್ಲಿ ಮೀಟರ್ ಇನ್ನೂ ಕೂಗ್ತಾ ಇತ್ತು, ಹೊರಗೆ ಎಳೆದೆವು, ಉಸಿರಿಲ್ಲ.

ಸಂತೋಷ್ ಅವಳ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ತಗ್ಗಿದ ದನಿಯಲ್ಲಿ ಅಂದ: "ಕೂಗಿದ್ಯೋ ಇಲ್ವೋ ಅಂತ ಯಾರಾದ್ರೂ ಕೇಳಿದ್ರೆ ಕೂಗಿದ್ದೆ ಅನ್ನು. ಅವರ ಕಿವಿ ವಿಷಯ ಎಲ್ಲರಿಗೂ ಗೊತ್ತು."

ಕಿಟಕಿಯ ಕೆಳಗೆ, ಗೇಟಿನ ಆಚೆ, ಹರಿದಾಸರು ಬಿಸಿಲಿನಲ್ಲಿ ನಿಂತಿದ್ದರು. ಬಸ್ಸು ಹತ್ತಿರಲಿಲ್ಲ. ಎಡಗಿವಿಯನ್ನು ಕಟ್ಟಡದತ್ತ ತಿರುಗಿಸಿಕೊಂಡು, ಯಂತ್ರ ಎದ್ದ ಸುದ್ದಿಗಾಗಿ ಕಾಯುತ್ತಿದ್ದರು.

ಸಂಹಿತಾ ಅಂಗೈಯನ್ನು ಸೀರೆಗೆ ಒರೆಸಿಕೊಂಡಳು. ಶಾಯಿ ಹೋಗಲಿಲ್ಲ. ಅವಳು ಮೆಟ್ಟಿಲಿಳಿದು, ಅಂಗಳ ದಾಟಿ, ಗೇಟಿನ ಕಂಬಿಗಳ ಬಳಿ ಅವರ ಎಡಗಿವಿಯ ಬದಿಗೇ ಹೋಗಿ ನಿಂತಳು.

"ಸರ್," ಎಂದಳು. "ನಿಮ್ಮ ಕಿವಿ ಸರಿಯಾಗೇ ಇದೆ. ನಾನು ಕೂಗಲಿಲ್ಲ."