ಹದಿನೇಳನೇ ಮರದ ನೆರಳು

ಮರ ಕಡಿದ ಮರುದಿನವೂ ಅದರ ನೆರಳು ಕಲ್ಲುಬೆಂಚಿನ ಮೇಲೆ ಹಾಗೇ ಬಿದ್ದಿತ್ತು.

ರಸ್ತೆಬದಿಯ ಮರಗಳ ನಕ್ಷೆ ಬರೆಯುವುದು ಅವಳ ಕೆಲಸ. ಯಾವ ಗುಂಡಿಗೆ ಯಾವ ಸಸಿ, ಮಧ್ಯಾಹ್ನ ಮೂರಕ್ಕೆ ನೆರಳು ಎಲ್ಲಿಗೆ ಮುಟ್ಟುತ್ತದೆ, ಎಲ್ಲವೂ ಅವಳ ಕಂಪ್ಯೂಟರಿನಲ್ಲಿ. ಮರಗಳು ಒಂದು ಪದರ, ನೆರಳು ಇನ್ನೊಂದು ಪದರ. ಅವಳ ಮನೆಯೆದುರಿನ ಹದಿನೇಳನೇ ಮರ ಬಸ್ಸು ತಿರುಗಲು ಅಡ್ಡ ಎಂದು ಮೇಲಿನವರು ತಗಾದೆ ತೆಗೆದಾಗ, ಅದನ್ನು ನಕ್ಷೆಯಿಂದ ತಾನೇ ಅಳಿಸಿದ್ದಳು. ಆತುರದಲ್ಲಿ ನೆರಳನ್ನು ಅಳಿಸಲು ಮರೆತಳು. ಸಹಿ ಬಿತ್ತು, ನಕ್ಷೆ ಹೋಯಿತು, ಗರಗಸ ಬಂತು.

ಆ ಮರದಡಿಯ ಬೆಂಚೆಂದರೆ ಅವಳ ಅಮ್ಮನಿಗೆ ಪ್ರಾಣ. ಮರ ಉರುಳಿದ ದಿನ ಮಗಳ ಜೊತೆ ಮಾತು ಬಿಟ್ಟವಳು, ಮರುದಿನ ಮುಖ ಅರಳಿಸಿಕೊಂಡು ಮನೆಗೆ ಬಂದಳು.

"ನೆರಳು ಹೋಗಿಲ್ಲ ಕಣೇ. ಮೊದಲಿಗಿಂತ ತಂಪಾಗಿದೆ."

ಅಮ್ಮನಿಗೆ ಅರಳುಮರಳು ಶುರುವಾಯಿತು ಎಂದುಕೊಂಡೇ ಮಗಳು ನೋಡಲು ಹೋದಳು. ಸುಡುಬಿಸಿಲಿನ ನಡುವೆ ದುಂಡಗಿನ ಕಪ್ಪು. ಎಲೆಗಳ ಸಂದಿಯಿಂದ ಇಳಿಯುವ ಬೆಳಕಿನ ಚುಕ್ಕೆ ಒಂದೂ ಇಲ್ಲ, ಅವಳು ನಕ್ಷೆಯಲ್ಲಿ ಬಳಿದ ಹಾಗೆಯೇ ಒಂದೇ ಸಮ. ಬೆಳಿಗ್ಗೆ ಹತ್ತಕ್ಕೂ ಅದು ಮೂರು ಗಂಟೆಯ ಜಾಗದಲ್ಲೇ ಇತ್ತು.

ದಿನ ಕಳೆದಂತೆ, ಊಟಕ್ಕೆ ಕರೆದರೂ ಅಮ್ಮ ಬೆಂಚಿನಿಂದ ಏಳದೆ "ಇನ್ನೊಂಚೂರು ಹೊತ್ತು" ಎನ್ನತೊಡಗಿದಳು. ಅವಳ ಮೈ ಮುಟ್ಟಿದರೆ ಕೈ ಕೊರೆಯುವಷ್ಟು ತಣ್ಣಗಿತ್ತು. ಏಳನೇ ದಿನ ಮಗಳು ರಟ್ಟೆ ಹಿಡಿದು ಎಳೆದರೂ ಅಮ್ಮ ಜಗ್ಗಲಿಲ್ಲ.

"ಏಳಮ್ಮ, ನಿನ್ನ ದಮ್ಮಯ್ಯ."

"ಏಳೋಣ ಅಂದ್ರೆ ಕಾಲೇ ಬರ್ತಿಲ್ಲ ಕಣೇ," ಎಂದಳು ಅಮ್ಮ. ಅವಳ ದನಿಯಲ್ಲಿ ಮೊದಲ ಸಲ ಹೆದರಿಕೆಯಿತ್ತು.

ಮಗಳು ಬಿದ್ದೆನೋ ಎದ್ದೆನೋ ಎಂದು ಆಫೀಸಿಗೆ ಓಡಿದಳು. ನಕ್ಷೆ ತೆರೆದು, ಆ ದುಂಡಗಿನ ನೆರಳಿಗೆ ಸುತ್ತುಗೆರೆ ಹಾಕಿ, ಒಳಗಿದ್ದುದನ್ನೆಲ್ಲ ಒಂದೇ ಏಟಿಗೆ ಅಳಿಸಿಬಿಟ್ಟಳು. ಒಳಗೆ ಬೇರೆ ಏನಾದರೂ ಇದೆಯೇ ಎಂದು ನೋಡುವಷ್ಟು ತಾಳ್ಮೆ ಈ ಸಲವೂ ಇರಲಿಲ್ಲ.

ಹಿಂತಿರುಗಿ ಬಂದಾಗ ಬೆಂಚಿನ ಮೇಲೆ ಸಂಜೆಯ ಚುರುಕು ಬಿಸಿಲು. ಅಮ್ಮ ಎದ್ದು ನಿಂತು ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದಳು.

"ಏನು ಬಿಸಿಲೇ ತಾಯಿ! ನನ್ನ ಒಬ್ಬಳನ್ನೇ ಬಿಟ್ಟು ಎಲ್ಲಿ ಹಾಳಾಗಿ ಹೋಗಿದ್ದೆ?"

ಬೈಗುಳ ಕೇಳಿ ಮಗಳಿಗೆ ಹೋದ ಜೀವ ಬಂದಂತಾಯಿತು. ಅಮ್ಮನ ಕೈ ಬೆಚ್ಚಗಿತ್ತು. ಅವಳ ತಲೆಯ ಮೇಲೆ ಕೊಡೆ ಹಿಡಿದು ಮನೆಯತ್ತ ನಾಲ್ಕು ಹೆಜ್ಜೆ ಇಟ್ಟಳು. ಇಳಿಬಿಸಿಲು ಬೆನ್ನಿಗಿತ್ತು. ಮುಂದೆ ರಸ್ತೆಯ ಮೇಲೆ ಮಗಳ ಉದ್ದನೆಯ ನೆರಳು, ಚಾಚಿದ ತೋಳು, ತೋಳಿನ ತುದಿಗೆ ಕೊಡೆ. ಕೊಡೆಯ ಕೆಳಗೆ ಯಾರೂ ಇರಲಿಲ್ಲ.

"ಯಾಕೆ ನಿಂತುಬಿಟ್ಟೆ?" ಎಂದಳು ಅಮ್ಮ.

"ಏನಿಲ್ಲ, ನಡಿ."

ಮಗಳು ಇನ್ನೊಂದು ಕೈಯಿಂದ ಅಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ರಸ್ತೆಯ ಮೇಲೆ ಅವಳ ನೆರಳಿನ ಕೈ ಬರೀ ಬಿಸಿಲನ್ನು ಹಿಡಿದಿತ್ತು.